ಹಂಪಮ್ಮನ ಟ್ರೇಲರ್ ತೆಲಿಗಿ ಮುಟ್ಟಿದ್ದು

ಹೊಸಹಳ್ಳಿ ಬಿಟ್ಟಾಗ ಬೆಳಗಿನ ಆರು ಗಂಟೆ. ನನ್ನ ಟ್ರ್ಯಾಕ್ಟರಿನ ಟ್ಯಾಂಕಿನ ತುಂಬ ಡೀಸೆಲ್, ಹಿಂದೆ ಖಾಲಿ ಟ್ರೇಲರ್, ಪಕ್ಕದ ಮಡ್ಗಾರ್ಡ್ ಮೇಲೆ ರೊಟ್ಟಿ ಗಂಟು ಹಿಡಿದು ಕೂತ ನನ್ನ ಹೆಂಡತಿ ಹಂಪಮ್ಮ. ಆಷಾಢದ ಗಾಳಿ ಮುಖಕ್ಕೆ ರಪರಪ ಬಡಿಯುತ್ತಿತ್ತು. ತಂಬ್ರಹಳ್ಳಿಯ ಕೊಟ್ರಜ್ಜನ ಮನೆಯಲ್ಲಿ ಕೆಟ್ಟು ನಿಂತಿದ್ದ ಹಳೇ ಟ್ರ್ಯಾಕ್ಟರನ್ನು ಹೇರಿಕೊಂಡು, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟಿ ತೆಲಿಗಿಗೆ ಮುಟ್ಟಿಸಬೇಕಿತ್ತು. ಬಾಡಿಗೆ ಎಂಟು ಸಾವಿರಕ್ಕೆ ಮಾತಾಗಿತ್ತು.

ಟ್ರೇಲರ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲೆತ್ತರದ ಹಾಸು, ಎರಡೇ ಗಾಲಿ, ಹಳೇ ಬಸ್ಸಿನ ಅಚ್ಚು, ಗುಜರಿಯಲ್ಲಿ ಆರಿಸಿ ತಂದ ಕಬ್ಬಿಣ. ಅಂಥದ್ದು ನಮ್ಮ ಸುತ್ತಿನಲ್ಲಿ ಇನ್ನೊಂದಿಲ್ಲ. ಮಾಡಿದವಳು ಹಂಪಮ್ಮ. ಕೂಡ್ಲಿಗಿಯಲ್ಲಿ ಅವಳಪ್ಪನ ವೆಲ್ಡಿಂಗ್ ಅಂಗಡಿಯಿತ್ತು, ಅಲ್ಲಿ ಪಳಗಿದ ಕೈ ಅದು. ನಾನೋ, ಕೇಳಿದವರಿಗೆಲ್ಲ ನಾನೇ ಮಾಡಿದ್ದು ಎಂದು ಹೇಳಿ ಮೀಸೆ ತಿರುವಿಕೊಂಡು ತಿರುಗುತ್ತಿದ್ದೆ.

ಟ್ರ್ಯಾಕ್ಟರ್ ಕೊಂಡವರು ತೆಲಿಗಿಯ ಬಸವರಾಜಪ್ಪನವರು. ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡಿ ಮಾರುವುದು ಅವರ ಕಸುಬು. "ನಿಮ್ ಟ್ರೇಲರ್ ಮಾಲು ನೆಟ್ಟಗೆ ತಂದ್ರೆ ನಮಗೂ ಅಂಥದೊಂದು ಮಾಡಿಕೊಡ್ರಿ" ಎಂದು ಫೋನಿನಲ್ಲಿ ಹೇಳಿದ್ದರು. ಹೊರಗಿನವರು ಕೇಳಿದ ಮೊದಲ ಟ್ರೇಲರ್ ಅದು. ಅಂದಿನಿಂದ ಹಂಪಮ್ಮನದು ಒಂದೇ ಮಾತು: "ಆ ಆರ್ಡರ್ ನನ್ನ ಹೆಸರಿಗೆ ಬರ್ಬೇಕು ನೋಡ್ರಿ. ಇಷ್ಟು ವರ್ಷ ದುಡದೀನಿ, ಒಬ್ರಿಗೂ ಗೊತ್ತಿಲ್ಲ." ನಾನು "ಆತು ಬಿಡು, ನೋಡಾಣು" ಎಂದು ಮಾತು ತೇಲಿಸಿದ್ದೆ.

ಕೂಡ್ಲಿಗಿಯಲ್ಲಿ ಚಹಾ ಕುಡಿದು ಹೊರಟವರು ತಂಬ್ರಹಳ್ಳಿ ಮುಟ್ಟಿದಾಗ ಹನ್ನೊಂದು. ಅಲ್ಲಿ ಕ್ರೇನು ಗೀನು ಏನೂ ಇಲ್ಲ. ಹೊಲದ ಎತ್ತರದ ಬದುವಿಗೆ ಟ್ರೇಲರಿನ ಬಾಲ ಒತ್ತಿ ನಿಲ್ಲಿಸಿದರೆ ಬದುವೂ ಹಾಸೂ ಒಂದೇ ಮಟ್ಟಕ್ಕೆ ಬರುತ್ತವೆ. ಐದಾರು ಮಂದಿ ನೂಕಿದರೆ ಟ್ರ್ಯಾಕ್ಟರ್ ತಾನೇ ಉರುಳಿಕೊಂಡು ಹತ್ತುತ್ತದೆ.

"ಹಿಂದ್ಮುಂದ ಮಾಡಿ ಹತ್ತಸ್ರಿ" ಎಂದಳು ಹಂಪಮ್ಮ. "ತೂಕೆಲ್ಲ ದೊಡ್ಡ ಗಾಲಿ ಮ್ಯಾಲೈತಿ. ಅವು ನಮ್ಮ ಕೊಂಡಿ ಕಡಿ ಬರ್ಬೇಕು."

ಕೊಟ್ರಜ್ಜ ಸುತರಾಂ ಒಪ್ಪಲಿಲ್ಲ. "ಇಪ್ಪತ್ತು ವರ್ಷ ಪೂಜಿ ಮಾಡಿದ ಗಾಡಿ ಯವ್ವಾ. ಮಾರಿ ಹಿಂದಕ ಮಾಡಿ ಹ್ಯಾಂಗ ಮನಿ ಬಿಡಿಸ್ಲಿ?"

ನೂಕಲು ಬಂದವರಲ್ಲಿ ಒಬ್ಬ ನಕ್ಕ. "ಟ್ರೇಲರ್ ಮಾಡಿದಾವ ನೀನಾ, ಆಕೀನಾ?"

ಐದಾರು ಗಂಡಸರ ಮುಂದೆ ನನ್ನ ಮೀಸೆಗೆ ಉರಿ ಹತ್ತಿತು. "ನಾನ ಮಾಡೀನಿ. ಮಾರಿ ಮುಂದ ಮಾಡೇ ಹತ್ತಸ್ರಿ" ಎಂದುಬಿಟ್ಟೆ. ಹಂಪಮ್ಮ ದೂರ ಹೋಗಿ ಬೇವಿನ ಗಿಡದ ಕೆಳಗೆ ನಿಂತಳು.

ಹಗರಿಬೊಮ್ಮನಹಳ್ಳಿಯವರೆಗೆ ರಸ್ತೆ ಸಮ, ಗಾಡಿ ಸಲೀಸಾಗಿ ಬಂತು. ಪೇಟೆಯಲ್ಲಿ ಬೈಕಿನವರು ನಿಂತು ಫೋಟೊ ಹೊಡೆದುಕೊಂಡರು. "ಯಾರು ಮಾಡಿದ್ದಣ್ಣಾ?" ಎಂದರೆ ನಾನು ಎದೆ ತಟ್ಟಿಕೊಂಡೆ. ಹಂಪಮ್ಮ ರಸ್ತೆಯ ಆಚೆ ಬದಿ ನೋಡುತ್ತ ಕೂತಿದ್ದಳು.

ಕೊಟ್ಟೂರು ರಸ್ತೆಯ ಏರು ಸಿಕ್ಕಿತು ನೋಡಿ, ಕೂತ ಸೀಟೇ ಮೇಲಕ್ಕೆದ್ದಂತಾಯಿತು. ಟ್ರೇಲರಿನ ಬಾಲ ಕುಂತು, ಕೊಂಡಿ ಮೇಲಕ್ಕೆದ್ದು, ನನ್ನ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲದ ಹಿಡಿತ ಬಿಟ್ಟವು. ಇಡೀ ಗಾಡಿ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಎದುರಿಗೆ ಬಸ್ಸು. "ಬ್ರೇಕ್ ತುಳೀಬ್ಯಾಡ್ರಿ!" ಎಂದು ಹಂಪಮ್ಮ ಕೂಗಿದಳು. "ಎಕ್ಸಲೇಟರ್ ಬಿಡ್ರಿ, ತಾನ ನಿಂದರ್ತೈತಿ!" ಹಾಗೇ ಮಾಡಿದೆ. ಬಸ್ಸು ಹಾರ್ನ್ ಹೊಡೆಯುತ್ತ ದಾಟಿಹೋಯಿತು. ಗಾಡಿ ರಸ್ತೆ ಅಂಚಿನ ಮಣ್ಣಿನಲ್ಲಿ ಮೆಲ್ಲಗೆ ನಿಂತಿತು.

"ನಾ ಹೇಳಿರಲಿಲ್ಲೇನು" ಎಂದು ಹಂಪಮ್ಮ ಅನ್ನುತ್ತಾಳೆಂದು ಕಾದೆ. ಅವಳು ಇಳಿದು ಹೋಗಿ ಒಂದು ಬದು ಹುಡುಕಿ ಬಂದಳು. ಹತ್ತಿರದಲ್ಲೇ ಕುರಿ ಮೇಯಿಸುತ್ತಿದ್ದ ನಾಲ್ವರನ್ನು "ಯಣ್ಣಾ, ಒಂದೀಟು ಕೈ ಹಾಕ್ರಿ" ಎಂದು ಕರೆದಳು. ಹಳೇ ಟ್ರ್ಯಾಕ್ಟರನ್ನು ಬದುವಿಗೆ ಇಳಿಸಿ, ತಿರುಗಿಸಿ, ಹಿಂದ್ಮುಂದ ಮಾಡಿ ಮತ್ತೆ ಹತ್ತಿಸಿದೆವು. "ಇನ್ನೊಂದು ಗೇಣು... ಸಾಕು!" ಎಂದವಳೇ ಗಾಲಿಗೆ ಕಟ್ಟಿಗೆ ಕೊಟ್ಟು, ತಾನೇ ಸರಪಳಿ ಬಿಗಿದಳು. ಆಮೇಲೆ ಅದೇ ಏರನ್ನು ಗಾಡಿ ಓಲಾಡದೆ ಹತ್ತಿತು.

ಸಂಜೆ ಕೊಟ್ಟೂರಿನಲ್ಲಿ ಗಾಡಿ ನಿಲ್ಲಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. "ತಪ್ಪಾತು ಹಂಪೀ" ಎಂದೆ.

"ನನಗ್ಯಾಕ ಹೇಳ್ತೀರಿ? ಹೇಳಬೇಕಾದಲ್ಲಿ ಹೇಳ್ರಿ" ಎಂದು ಇನ್ನೊಂದು ಮಿರ್ಚಿ ಮುರಿದಳು.

ಮರುದಿನ ಹರಪನಹಳ್ಳಿಯ ಪೇಟೆಯಲ್ಲಿ, ಟ್ರ್ಯಾಕ್ಟರಿನ ಮುಖ ಹಿಂದಕ್ಕಿದ್ದುದನ್ನು ನೋಡಿ ಜನ ನಕ್ಕರು. ನಗಲಿ ಬಿಡು ಎಂದುಕೊಂಡೆ. ಮೋಡ ಕವಿದಿತ್ತು, ಮಳೆ ಹನಿಯಲಿಲ್ಲ. ಹನ್ನೆರಡಕ್ಕೆ ತೆಲಿಗಿಯಲ್ಲಿದ್ದೆವು.

ಬಸವರಾಜಪ್ಪನವರು ಟ್ರ್ಯಾಕ್ಟರ್ ಕಡೆ ನೋಡಲೇ ಇಲ್ಲ. ಟ್ರೇಲರಿನ ಸುತ್ತ ಎರಡು ಸಲ ತಿರುಗಿ, ಬಗ್ಗಿ, ಒಂದೊಂದು ಬೆಸುಗೆ ಮುಟ್ಟಿ ನೋಡಿದರು. "ಭಾಳ ಚೆನ್ನಾಗೈತೆ. ಕೈ ಅಂದ್ರೆ ಕೈ ನಿಮ್ದು, ವೀರೇಶಣ್ಣಾ!"

ನನ್ನ ಕಿವಿ ಬಿಸಿಯಾದವು. "ನನ್ನ ಕೈ ಅಲ್ರಿ. ಇದನ್ನ ಮಾಡಿದಾಕಿ ಈ ನಮ್ಮ ಹಂಪಮ್ಮ. ಇಷ್ಟು ದಿನ ಸುಳ್ಳು ಹೇಳ್ಕೊಂತ ಬಂದೀನಿ. ನಿನ್ನೆ ಆಕಿ ಮಾತು ಕೇಳದ ಹೇರಿ, ನಿಮ್ಮ ಮಾಲು ಬಸ್ಸಿಗೆ ಬಡೀತಿದ್ದೆ. ನಾ ಬರೇ ಡ್ರೈವರ್."

ಅವರು ಚೇಷ್ಟೆಯೆಂದು ನಕ್ಕರು. ಕುರ್ಚಿ ಹಾಕಿಸಿ, ಅಚ್ಚು ಎಷ್ಟು ಹಿಂದೆ ಕೂರಿಸಿದ್ದೀರಿ ಎಂದು ನನ್ನನ್ನೇ ಕೇಳಿದರು. ನಾನು ಹಂಪಮ್ಮನ ಕಡೆ ನೋಡಿದೆ.

"ನಡುವಿಂದ ಎರಡು ಗೇಣು ಹಿಂದ ಹಾಕೀನ್ರಿ" ಎಂದಳು ಅವಳು. "ನೀವು ಇದಕ್ಕೂ ದೊಡ್ಡ ಗಾಡಿ ಹೇರಾವ್ರಿದ್ರ ಮೂರು ಹಾಕ್ತೀನಿ. ಏನೇನು ಹೇರ್ತೀರಿ, ಮೊದ್ಲು ಹೇಳ್ರಿ."

ಬಸವರಾಜಪ್ಪನವರ ನಗು ನಿಂತಿತು. ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಕೂತರು. ಅರ್ಧ ಗಂಟೆ ಇಬ್ಬರೂ ಉದ್ದ, ಅಗಲ, ಕಬ್ಬಿಣದ ದಪ್ಪ ಮಾತಾಡಿದರು. ನನ್ನ ಚಹಾ ಆರಿಹೋಯಿತು. ನನ್ನ ಹೆಂಡತಿ ಇಷ್ಟು ಚೆಂದ ಮಾತಾಡುತ್ತಾಳೆಂದು ನನಗೇ ಗೊತ್ತಿರಲಿಲ್ಲ.

ಕೊನೆಗೆ ಅವರು ಫೋನ್ ತೆಗೆದು, ರೂಢಿಯಂತೆ ನನ್ನ ಮುಖ ನೋಡಿ, "ಆರ್ಡರ್ ಯಾರ ಹೆಸರಿಗೆ ಬರ್ಕೊಳ್ಳಲಿ?" ಎಂದರು.

"ಹಂಪಮ್ಮ, ಹೊಸಹಳ್ಳಿ" ಎಂದಳು ಅವಳು. "ನಂಬರ್ ನಂದ ಬರ್ಕೊರಿ. ಇವ್ರದು ಬ್ಯಾಡ."

ಹಿಂದಿರುಗುವಾಗ ಖಾಲಿ ಟ್ರೇಲರ್ ಗಡಗಡ ಸದ್ದು ಮಾಡುತ್ತಿತ್ತು. ಹರಪನಹಳ್ಳಿ ಇನ್ನೂ ದೂರವಿದ್ದಾಗಲೇ ಹಂಪಮ್ಮನ ಫೋನ್ ಹೊಡೆದುಕೊಂಡಿತು. ಬಸವರಾಜಪ್ಪನವರು ಅಳತೆಯಲ್ಲಿ ಇನ್ನೇನೋ ಕೇಳುತ್ತಿದ್ದರು. ಇಂಜಿನ್ ಗದ್ದಲಕ್ಕೆ ಅವಳು ಒಂದು ಕಿವಿ ಮುಚ್ಚಿಕೊಂಡು "ಹಲೋ, ಹೇಳ್ರಿ" ಎಂದು ಕೂಗುತ್ತಿದ್ದಳು. ನಾನು ಗಾಡಿಯನ್ನು ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.