ಗ್ರೆಗ್ ಎರಡನೇ ಸಲ ಕೇಳಲಿಲ್ಲ

ಮೊದಲ ಹೋಲ್‌ನಲ್ಲಿ ನನ್ನ ಚೆಂಡು ಕುಳಿಯಿಂದ ಒಂದೇ ಗೇಣು ದೂರದಲ್ಲಿತ್ತು. "ಪಿಕ್ ಇಟ್ ಅಪ್" ಅಂದ ನನ್ನ ಮ್ಯಾನೇಜರ್ ಗ್ರೆಗ್. ಹೊಡೆಯುವುದೇ ಬೇಡ, ಬಿತ್ತು ಎಂದೇ ಲೆಕ್ಕ, ಎತ್ತಿಕೋ ಎಂಬ ಔದಾರ್ಯ. ಗಾಲ್ಫ್‌ನಲ್ಲಿ ಇದೊಂದು ಮರ್ಯಾದೆಯಂತೆ. ನಾನು ಹಲ್ಲು ಕಿರಿದು "ನೋ ನೋ, ಪರವಾಗಿಲ್ಲ" ಅಂದೆ.

ಅವನು ಇನ್ನೊಮ್ಮೆ ಒತ್ತಾಯ ಮಾಡಬೇಕಿತ್ತಲ್ಲವೇ? ಮಾಡಲಿಲ್ಲ. ಹೊಡೆದೆ. ತಪ್ಪಿತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಪರ್ತ್‌ನಿಂದ ಸಮುದ್ರದ ಮೇಲೆ ತಾಸುಗಟ್ಟಲೆ ಹಾರಿದರೆ ಸಿಗುವ ದ್ವೀಪ ಅದು. ಸೈಟ್ ಇನ್‌ಸ್ಪೆಕ್ಷನ್ ಮುಗಿದಿತ್ತು, ವಾಪಸ್ ವಿಮಾನ ಮರುದಿನ. ಅಲ್ಲಿದ್ದ ಒಂಬತ್ತು ಹೋಲ್‌ಗಳ ಗಾಲ್ಫ್ ಕೋರ್ಸ್‌ಗೆ ಹೊರಟೆವು. ಒಂದು ಕಡೆ ಕಾಡು, ಇನ್ನೊಂದು ಕಡೆ ಕಣ್ಣು ಕುಕ್ಕುವ ನೀಲಿ ಸಮುದ್ರ, ಹುಲ್ಲಿನ ಮೇಲೆ ಕೆಂಪು ಏಡಿಗಳು. (ಏಡಿ ದಾಟುವ ತನಕ ಕಾದು ಹೊಡೆಯಬೇಕು!)

ನನಗೆ ಯಾವುದೂ ಬೇಕಿರಲಿಲ್ಲ. ತಲೆಯಲ್ಲಿದ್ದದ್ದು ಅಡಿಲೇಡ್. ನನ್ನ ಗಂಡ ಸುಹಾಸ್‌ಗೆ ಕೆಲಸ ಸಿಕ್ಕಿರುವುದು ಅಲ್ಲಿ. ನಾನಿರುವುದು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ. ನಮ್ಮ ಸಂಸಾರ ನಡೆಯುವುದು ವಿಡಿಯೋ ಕಾಲ್‌ನಲ್ಲಿ. ನಮ್ಮ ಕಂಪನಿಯ ಅಡಿಲೇಡ್ ಆಫೀಸಿನಲ್ಲಿ ಈಗ ಒಂದು ಪೋಸ್ಟ್ ಖಾಲಿಯಾಗಿತ್ತು. ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವವನು ಇದೇ ಗ್ರೆಗ್.

ಎರಡನೇ ಹೋಲ್‌ನಲ್ಲಿ ಅವನೇ ಕೇಳಿಬಿಟ್ಟ. "ಅಡಿಲೇಡ್ ಪೋಸ್ಟ್ ನಿನಗೆ ಬೇಕಾ?"

ನಾನು ಏನಂದೆ ಗೊತ್ತೇ? "ಅಯ್ಯೋ, ಇಲ್ಲ ಇಲ್ಲ. ಯಾರನ್ನ ಕಳಿಸಿದ್ರೂ ಸರಿ. ನಾನು ಪರ್ತ್‌ನಲ್ಲೇ ಆರಾಮಾಗಿದೀನಿ."

"ನೋ ವರೀಸ್" ಅಂದವನೇ ಚೆಂಡು ಹೊಡೆದ.

ನಗಬೇಡಿ. ನೀವೂ ಹಾಗೇ ಹೇಳುತ್ತಿದ್ದಿರಿ. ನಮ್ಮ ಮೈಸೂರಿನ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಅಂದವರು ಆಸೆಬುರುಕರು. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೇ ಎರಡು ಹೋಳಿಗೆ ಬೀಳುವುದು. (ಅಡ್ಡ ಹಿಡಿದ ಬೆರಳುಗಳ ನಡುವೆಯೂ ಸ್ವಲ್ಪ ಸಂದು ಬಿಟ್ಟಿರುತ್ತೇವೆ, ತುಪ್ಪ ಇಳಿಯಲಿ ಅಂತ.)

ಮೂರನೇ ಹೋಲ್ ಪೂರ್ತಿ ಕಾದೆ. ನಾಲ್ಕರಲ್ಲಿ ನಾನೇ ಮಾತು ತೆಗೆದು, ಅಡಿಲೇಡ್‌ನ ಹವೆ ಚೆನ್ನಾಗಿರುತ್ತದಂತೆ ಅಂದೆ. ಬೇಸಿಗೆಯಲ್ಲಿ ಸೆಕೆ ಅಂದ. ಐದರಲ್ಲಿ ಅವನು ಫೋನ್ ತೆಗೆದು ಏನೋ ಒತ್ತಿದ. ಏಡಿಯ ಫೋಟೋ ಇರಬೇಕು ಅಂದುಕೊಂಡೆ. ನನ್ನ ಒಂದು ಚೆಂಡು ಕಾಡಿಗೆ ಹೋಯಿತು, ಇನ್ನೊಂದು ಸಮುದ್ರಕ್ಕೆ. ಯಾಕೆ ಕೇಳುತ್ತಿಲ್ಲ ಈ ಮನುಷ್ಯ? ಇನ್ನೊಂದೇ ಒಂದು ಸಲ ಕೇಳಿದರೆ ಇವನ ಗಂಟೇನು ಹೋಗುತ್ತದೆ?

ಒಂಬತ್ತನೆಯದರಲ್ಲಿ ತಡೆಯಲಾಗಲಿಲ್ಲ. "ಗ್ರೆಗ್, ನನಗೆ ಅಡಿಲೇಡ್ ಬೇಕು."

ಪಾಪ, ಗಾಬರಿಯಾದ. "ಆಗ ಬೇಡ ಅಂದೆಯಲ್ಲ! ಬ್ರಿಸ್ಬೇನ್ ಆಫೀಸಿನ ಲಿಯಮ್‌ಗೆ ಆಗಲೇ ಮೆಸೇಜ್ ಮಾಡಿದೆ. ಅವನು ಯೆಸ್ ಅಂದೂ ಆಯ್ತು."

ಅವನದೇನು ತಪ್ಪು? ನನ್ನ ಮಾತನ್ನು ನಂಬಿದ, ಅಷ್ಟೆ. ನಮ್ಮವರಾಗಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಸಂಜೆ ಸುಹಾಸ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೇಳುತ್ತಾ ಅತ್ತೇಬಿಟ್ಟೆ. ನಿನಗೆ ಬೇಜಾರಾಯ್ತಾ ಅಂತ ಕೇಳಿದೆ. "ಹೋಗ್ಲಿ ಬಿಡು. ನಂಗೇನೂ ಬೇಜಾರಿಲ್ಲ" ಅಂದ.

ಅವನೂ ಮೈಸೂರಿನವನೇ. ನಾನು ಎರಡನೇ ಸಲ ಕೇಳಿದೆ.