ಸೋಮವಾರದ ಹೆಂಗಸು

ನಮ್ಮ ಯಜಮಾನರು ಬೋರ್ಡ್ ಬರೆಯುತ್ತಿದ್ದರು. ಔಷಧಿ ಅಂಗಡಿ, ಹಲ್ಲಿನ ಡಾಕ್ಟರು, ಸೈಕಲ್ ರಿಪೇರಿ, ಯಾವುದಾದರೂ ಸರಿ. ಅಳತೆಪಟ್ಟಿ ಇಲ್ಲದೆ ಗೆರೆ ಎಳೆದರೂ ದಾರ ಹಿಡಿದಂತಿರುತ್ತಿತ್ತು. ಮೂವತ್ತು ವರ್ಷ ಅದೇ ಕೆಲಸ. ಮುಖ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಕನ್ನಡಕದ ಅಂಗಡಿಯವರು ಹೆಂಗಸಿನ ಮುಖ ಬರೆಸಿದರು. ಅದು ಕನ್ನಡಕ ಹಾಕಿಕೊಂಡ ಕುಂಬಳಕಾಯಿ ಆಯಿತು. ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ. ಇವರು ನಗಲಿಲ್ಲ. ಮುಖ ಬರೆಯುವುದನ್ನು ಕಲಿಯುತ್ತೇನೆ, ಕಲಿತು ನಿನ್ನನ್ನು ಬರೆಯುತ್ತೇನೆ ಎಂದು ಅವತ್ತೇ ಹೇಳಿದರು. ನಮ್ಮ ಮದುವೆಗೆ ಫೋಟೊ ತೆಗೆಸಿರಲಿಲ್ಲ. ನನಗೆ ಆಸೆ ಹುಟ್ಟಿತು.

ಊರಿನ ಮ್ಯೂಸಿಯಂನಲ್ಲಿ ಒಂದು ಹಳೆಯ ತೈಲಚಿತ್ರವಿದೆ. ತಲೆಗೆ ಬಿಳಿ ಬಟ್ಟೆ ಹೊದ್ದು ಕಿಟಕಿಯ ಪಕ್ಕ ಕೂತ ಹೆಂಗಸು. ಬರೆದವನು ಸತ್ತು ಮುನ್ನೂರು ವರ್ಷವಾಯಿತಂತೆ. ಸೋಮವಾರ ಅಲ್ಲಿ ಜನರಿಗೆ ಬಾಗಿಲು ಹಾಕಿರುತ್ತದೆ. ನಕಲು ಮಾಡುವವರನ್ನು ಮಾತ್ರ ಚೀಟಿ ನೋಡಿ ಒಳಗೆ ಬಿಡುತ್ತಾರೆ. ಮೂಲದಷ್ಟೇ ಅಳತೆಗೆ ಬರೆಯುವಂತಿಲ್ಲ, ನಾಲ್ಕು ಬೆರಳಾದರೂ ಚಿಕ್ಕದಿರಬೇಕು. ಇವರು ಸೋಮವಾರದ ಕೆಲಸ ಬಿಟ್ಟು ಅಲ್ಲಿಗೆ ಹೋಗತೊಡಗಿದರು. ನಾದಿನಿಯ ಬಾಯಿ ಸುಮ್ಮನಿರುತ್ತದೆಯೇ. “ಅತ್ತಿಗೆ, ಅಣ್ಣನಿಗೆ ಇನ್ನೊಬ್ಬಳು ಸಿಕ್ಕಿದಾಳೆ. ವಯಸ್ಸು ಮಾತ್ರ ಮುನ್ನೂರು” ಅಂದಳು.

ಮೊದಲು ಕ್ಯಾನ್ವಾಸಿನ ಮೇಲೆ ಚೌಕ ಹಾಕಿ ಅವಳ ಮುಖವನ್ನು ಅದಕ್ಕೆ ಇಳಿಸಿಕೊಂಡರು. ಅದರ ಮೇಲೆ ಕಂದು ಬಣ್ಣದ ತೆಳು ಪದರ. ಒಣಗಲು ವಾರ ಬೇಕು. ಬೋರ್ಡಿನ ಪೇಂಟು ಮಧ್ಯಾಹ್ನಕ್ಕೆಲ್ಲ ಒಣಗುತ್ತದೆ. ಇವರಿಗೆ ಕಾಯುವುದೇ ಕಷ್ಟವಾಯಿತು. ಇನ್ನೊಂದು ತೊಂದರೆ, ಅಕ್ಷರಕ್ಕೆ ಅಂಚು ಕಟ್ಟಿದ ಹಾಗೆ ಕೈ ತಾನಾಗಿ ಕೆನ್ನೆಯ ಸುತ್ತ ಗೆರೆ ಎಳೆಯುತ್ತಿತ್ತು. ಅಲ್ಲಿನ ಕಾವಲಿನವರೊಬ್ಬರು ಇಪ್ಪತ್ತು ವರ್ಷ ನಕಲು ಮಾಡುವವರನ್ನು ನೋಡಿ ನೋಡಿ ಅರ್ಧ ಕಲಾವಿದರಾಗಿದ್ದರು. “ಸ್ವಾಮಿ, ಮುಖಕ್ಕೆ ಯಾಕೆ ಕಾಂಪೌಂಡ್ ಕಟ್ತೀರಿ?” ಅಂದರಂತೆ. ಇವರು ಮನೆಗೆ ಬಂದು ಅದನ್ನು ಹೇಳಿ ತಾವೇ ನಕ್ಕರು.

ಗೆರೆಯಿಲ್ಲದೆ ಕೆನ್ನೆ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ಭಾನುವಾರ ಬೆಳಿಗ್ಗೆ ನನ್ನನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಕೂರಿಸುತ್ತಿದ್ದರು. ತಲೆಗೆ ಬಿಳಿ ಟವಲ್ಲು. ಮೂಗಿನ ಕೆಳಗಿನ ನೆರಳು, ಗಲ್ಲದ ಕೆಳಗೆ ತಿರುಗಿ ಬೀಳುವ ಬೆಳಕು, ಎಲ್ಲವನ್ನೂ ನನ್ನಲ್ಲಿ ನೋಡಿಕೊಂಡು ಅಲ್ಲಿ ಹೋಗಿ ಅವಳಿಗೆ ಹಚ್ಚುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದರೂ ನಾನು ಅಲ್ಲಾಡುವಂತಿಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ನನ್ನದು ಯಾವಾಗ ಎಂದು ಕೇಳಿದರೆ, “ಇವಳದು ಮುಗೀಲಿ ಕಣೇ, ಆಮೇಲೆ ನಿನ್ನದೇ” ಅನ್ನುತ್ತಿದ್ದರು.

ಎರಡು ವರ್ಷಕ್ಕೆ ಮುಗಿಯುತ್ತಾ ಬಂತು. ಕಣ್ಣಿನ ಹೊಳಪೊಂದು ಬಾಕಿ. ನನಗಾಗಿ ಇನ್ನೊಂದು ಕ್ಯಾನ್ವಾಸ್ ಬಿಗಿದು, ಬಿಳಿ ಹಚ್ಚಿ ಗೋಡೆಗೆ ಒರಗಿಸಿಟ್ಟರು. ಅಷ್ಟರಲ್ಲಿ ಮ್ಯೂಸಿಯಂನವರು ಚಿತ್ರವನ್ನು ಶುಚಿ ಮಾಡಲು ಒಳಗೆ ಒಯ್ದರು. ಐದು ತಿಂಗಳ ಮೇಲೆ ಅದು ಗೋಡೆಗೆ ಮರಳಿತು. ಅವತ್ತು ಇವರು ಮಧ್ಯಾಹ್ನವೇ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತರು. ಅವಳ ಮೇಲಿದ್ದ ಜೇನಿನ ಬಣ್ಣವೆಲ್ಲ, ಚಿತ್ರದ ಮೇಲೆ ಬಳಿದ ವಾರ್ನಿಷು ಹಳೆಯದಾಗಿ ಕೊಳೆ ಹಿಡಿದು ಹಳದಿಗಟ್ಟಿದ್ದಂತೆ. ಅದನ್ನು ತೆಗೆದರೆ ಒಳಗೆ ಬೆಳ್ಳಗಿನ ಮುಖ, ಕಣ್ಣ ಕೆಳಗೆ ಸ್ವಲ್ಪ ನೀಲಿ, ತುಟಿಯ ಪಕ್ಕ ಗುಲಾಬಿ. ಇವರು ಎರಡು ವರ್ಷ ತಲೆ ಕೆಡಿಸಿಕೊಂಡು ಬೆರೆಸಿದ ಬಣ್ಣ ಅವಳದಲ್ಲ.

“ಚರ್ಮ ಅಂದ್ಕೊಂಡು ಕೊಳೆ ಕಲಿತೆ” ಅಂದರು.

ಆಮೇಲೆ, ಇದನ್ನು ಬಿಟ್ಟು ನಿನ್ನದನ್ನೇ ಶುರು ಮಾಡಲಾ ಎಂದು ಕೇಳಿದರು. ಹೂಂ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಮುಖಕ್ಕೂ ಆ ತಪ್ಪು ಬಣ್ಣವೇ ಬಂದರೆ? ಚೆನ್ನಾಗಿ ಬರಲಿ ಎನ್ನುವ ದುರಾಸೆ.

“ಮೊದಲು ಅವಳನ್ನ ಸರಿಯಾಗಿ ಕಲೀರಿ. ನಾನೆಲ್ಲಿ ಓಡಿ ಹೋಗ್ತೀನಿ?” ಅಂದೆ.

ಆ ಮಾತು ಆಡಿದ್ದು ನಾನೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಬೇರೊಂದು ಕ್ಯಾನ್ವಾಸ್ ತಂದು ಮತ್ತೆ ಮೊದಲಿನಿಂದ ಚೌಕ ಹಾಕಿದರು. ಈ ಸಲ ಗೆರೆ ಬೀಳಲಿಲ್ಲ. ಹಣೆ, ಮೂಗು, ಎಡಗೆನ್ನೆ ಆಯಿತು. ಕಾವಲಿನವರು ಎದ್ದು ಬಂದು ನೋಡಿ, ಈಗ ಉಸಿರಾಡುತ್ತಿದ್ದಾಳೆ ಅಂದರಂತೆ. ಅದಾದ ಹನ್ನೊಂದನೆಯ ದಿನ ಇವರ ಎದೆಬಡಿತ ನಿಂತಿತು. ಕೆಲಸದ ಏಣಿಯ ಮೇಲಲ್ಲ, ಬೀದಿಯಲ್ಲಲ್ಲ. ಮನೆಯಲ್ಲಿ, ಬೆಳಿಗ್ಗೆ ಮುಖ ತೊಳೆಯುತ್ತಾ. ನಾನು ಹೋಗಿ ನೋಡಿದಾಗ ನಲ್ಲಿ ಹರಿಯುತ್ತಲೇ ಇತ್ತು.

ವರ್ಷವಾಯಿತು. ಭಾನುವಾರ ಬೆಳಿಗ್ಗೆ ಈಗಲೂ ಕಿಟಕಿಯ ಹತ್ತಿರ ಕೂರುತ್ತೇನೆ. ಅಲ್ಲಾಡದೆ ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಕತ್ತು ನೋಯುತ್ತದೆ. ಸಾಕು, ಏಳು ಅನ್ನುವವರಿಲ್ಲ. ನಾನೇ ಏಳಬೇಕು.

ಮೊನ್ನೆ ಕಾವಲಿನವರು ಮನೆಗೆ ಬಂದಿದ್ದರು. ಅಲ್ಲಿ ನಕಲು ಮಾಡುವ ಡ್ರಾಯಿಂಗ್ ಮೇಷ್ಟ್ರೊಬ್ಬರು ಇವರು ಬಿಗಿದಿಟ್ಟ ಕ್ಯಾನ್ವಾಸಿನ ಮೇಲೆಯೇ ನನ್ನನ್ನು ಬರೆದುಕೊಡುತ್ತಾರಂತೆ. ಒಳ್ಳೆಯ ಕೈಯಂತೆ, ಇದ್ದ ಹಾಗೇ ಬರುತ್ತದಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಬಣ್ಣದ ಟ್ಯೂಬು, ಕುಂಚ, ಅಗಸೆ ಎಣ್ಣೆಯ ಸೀಸೆ ಎಲ್ಲವನ್ನೂ ಚೀಲಕ್ಕೆ ತುಂಬಿ, ಮೇಷ್ಟ್ರಿಗೆ ಕೊಡಿ ಅಂದೆ. ಅವರು ಕ್ಯಾನ್ವಾಸಿಗೆ ಕೈ ಚಾಚಿದಾಗ ಬೇಡ ಅಂದೆ.

“ಖಾಲಿ ಬಟ್ಟೆ ಇಟ್ಕೊಂಡು ಏನ್ ಮಾಡ್ತೀರಮ್ಮ?”

“ಮೇಷ್ಟ್ರು ಬರೆದರೆ ನನ್ನ ಮುಖ ಬರುತ್ತೆ. ನನಗೆ ಮುಖ ಬೇಕಿರಲಿಲ್ಲ. ಇವರು ಕೂತು ನೋಡ್ತಿದ್ರಲ್ಲ, ಅದು ಬೇಕಿತ್ತು.”

ಅವರು ಚೀಲ ಎತ್ತಿಕೊಂಡು ಹೋದರು. ನಾನು ಬಾಗಿಲು ಹಾಕಿಕೊಂಡೆ.