ನಕ್ಷೆಯಲ್ಲಿಲ್ಲದ ಆರು ಮೀಟರ್

ವಿದ್ಯುತ್ ಕೆಲಸದವರೆಲ್ಲ ಅವಳನ್ನು ಕೇಬಲ್ ಅಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿಯ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಅಗೆಯದೆ ಹೇಳುವುದು ಅವಳ ಕಸುಬು. ಅವಳ ಪೆಟ್ಟಿಗೆ ಕೇಬಲ್ಲಿನೊಳಗೆ ಒಂದು ಸಣ್ಣ ಸಂಕೇತ ಕಳಿಸುತ್ತದೆ. ಬಾವಿಯೊಳಗೆ ಕೂಗಿದ ದನಿಯ ಹಾಗೆ ಅದು ಕೆಟ್ಟ ಜಾಗಕ್ಕೆ ಬಡಿದು ವಾಪಸು ಬರುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಹದಿನೇಳು ವರ್ಷ ಇದನ್ನೇ ಮಾಡಿದರೂ ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ನಂಬುವ ಪೈಕಿ ಅವಳಲ್ಲ. ಅನುಮಾನದ ಪಿಶಾಚಿ ಎಂದು ಜತೆಯವರು ಆಡಿಕೊಳ್ಳುತ್ತಿದ್ದರು.

ಅವತ್ತು ಬೆಳಗ್ಗೆ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಕೇಬಲ್ ಕೈಕೊಟ್ಟಿತ್ತು. ಮುಖ್ಯ ಬೋರ್ಡಿನಿಂದ ಅಳೆದಾಗ ಅರವತ್ತೆರಡು ಮೀಟರ್ ಬಂತು. ನಕ್ಷೆಯ ಪ್ರಕಾರ ಅದು ವಾರ್ಡಿನ ಗೋಡೆ ದಾಟಿ ನಾಲ್ಕು ಮೀಟರ್ ಒಳಗೆ, ಸರಿಯಾಗಿ ಯಂತ್ರಗಳ ಕೆಳಗೆ. ನೆಲ ಒಡೆಯಲೇಬೇಕು, ವಾರ್ಡು ಹತ್ತು ದಿನ ಮುಚ್ಚಬೇಕು, ರೋಗಿಗಳನ್ನು ಮೂರು ಗಂಟೆ ದೂರದ ಆಸ್ಪತ್ರೆಗೆ ಸಾಗಿಸಬೇಕು ಎಂದ ಅಲ್ಲಿನ ಇಂಜಿನಿಯರ್. ಪುಣ್ಯಾತ್ಮನ ಆತುರ ಎಷ್ಟೆಂದರೆ, ನೆಲ ಒಡೆಯುವ ಯಂತ್ರ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

ಹೊರಗಿನ ಬೆಂಚಿನ ಮೇಲೆ ಸರದಿಗಾಗಿ ಕಾದವರಲ್ಲಿ ಕೇಬಲ್ ಅಕ್ಕನ ಮಾವ, ಗಂಡನ ತಂದೆ, ಕೂಡ ಇದ್ದರು. ಕಾಲು ಊದಿಕೊಂಡಿತ್ತು, ನಾಲ್ಕು ಮಾತಾಡಿದರೆ ಏದುಸಿರು. ಮೂರು ಗಂಟೆಯ ಪ್ರಯಾಣ ಅವರ ಕೈಲಾಗುವಂಥದ್ದಲ್ಲ.

ಇಂಜಿನಿಯರನ್ನು ಕಾಡಿ ಬೇಡಿ ಅರ್ಧ ಗಂಟೆ ಪಡೆದು, ವಾರ್ಡಿನ ತುದಿಯಿಂದಲೂ ಅಳೆದಳು. ಇಪ್ಪತ್ತನಾಲ್ಕು. ಎರಡೂ ಕೂಡಿದರೆ ಎಂಬತ್ತಾರು. ನಕ್ಷೆಯಲ್ಲಿದ್ದ ಒಟ್ಟು ಉದ್ದ ಎಂಬತ್ತು. ಉದ್ದ ಗೊತ್ತಿದ್ದ ತುಂಡೊಂದರ ಮೇಲೆ ಪೆಟ್ಟಿಗೆಯನ್ನು ಪರೀಕ್ಷಿಸಿದಳು, ಅದರ ತಪ್ಪೇನೂ ಇರಲಿಲ್ಲ. ಅಂದರೆ ಆರು ಮೀಟರ್ ಕೇಬಲ್ ಎಲ್ಲೋ ಅಡಗಿ ಕೂತಿದೆ. ಅದು ಗೋಡೆಯ ಹೊರಗಿದ್ದರೆ ಕೆಟ್ಟ ಜಾಗವೂ ಹೊರಗೇ, ನೆಲ ಒಡೆಯಬೇಕಿಲ್ಲ.

ಇಪ್ಪತ್ತು ವರ್ಷದ ಹಿಂದೆ ಆ ಕೇಬಲ್ ಹಾಕಿದ್ದು ಆಗ ವಿದ್ಯುತ್ ಕೆಲಸದಲ್ಲಿದ್ದ ಮಾವನೇ. ಓಡಿಹೋಗಿ ಕೇಳಿದಳು. ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು.

“ಗೋಡೆ ಹೊರಗಡೆ ಎರಡು ಸುತ್ತು ಹೆಚ್ಚಿಗೆ ಸುತ್ತಿ ಹೂತಿದ್ದೆ ಕಣಮ್ಮ. ಮುಂದೆ ಯಾರಾದ್ರೂ ರಿಪೇರಿಗೆ ಬಂದ್ರೆ ಉದ್ದ ಸಾಕಾಗ್ಲಿ ಅಂತ. ಕೇಬಲ್ ದಂಡ ಮಾಡ್ದೆ ಅಂತ ಸಾಹೇಬ್ರು ಬೈತಾರೇಂತ ನಕ್ಷೇಲಿ ಬರೀಲಿಲ್ಲ.”

ಅವಳಿಗೆ ರೇಗಿತು, ಅಷ್ಟೇ ಅಕ್ಕರೆಯೂ ಉಕ್ಕಿತು. ಗೋಡೆಯಿಂದ ಒಂದು ಹೆಜ್ಜೆ ಆಚೆ ಅಗೆಸಿದಾಗ ಎರಡು ಸುತ್ತಿನ ಕೇಬಲ್ ಸಿಕ್ಕಿತು. ಒಂದು ಕಡೆ ಹೊದಿಕೆ ಸೀಳಿ ಕಪ್ಪಾಗಿತ್ತು. ಕೆಟ್ಟದ್ದನ್ನು ಕತ್ತರಿಸಿ ಜೋಡಿಸಲು ಬೇಕಾದ ಉದ್ದ ಅಲ್ಲೇ ಇತ್ತು. ಇಂಜಿನಿಯರ್ ಯಂತ್ರ ವಾಪಸು ಕಳಿಸಿದ.

ಮಧ್ಯಾಹ್ನ ಮೂರು ಗಂಟೆಗೆ ವಾರ್ಡಿಗೆ ಕರೆಂಟು ಬಂತು. ಮಾವನಿಗೆ ಡಯಾಲಿಸಿಸ್ ಶುರುವಾದ ಮೇಲೆ ಅವಳು ಪಕ್ಕದಲ್ಲಿ ಕುಸಿದು ಕೂತಳು. ಬೆಳಗಿನಿಂದ ಬಿಗಿಹಿಡಿದಿದ್ದ ಜೀವ ನಿರಾಳವಾಯಿತು. ಆಗ ಮಾವ ಮೆಲ್ಲಗೆ ಹೇಳಿದರು:

“ಅಷ್ಟು ದೂರ ಕಳಿಸಿದ್ರೆ ನಾನು ಹೋಗ್ತಿರ್ಲಿಲ್ಲ. ಇಲ್ಲಿಗೆ ಸಾಕು ಅಂದ್ಕೊಂಡ್ಬಿಟ್ಟಿದ್ದೆ.”

ಮಾವ ಅವಳ ಮಣ್ಣುಗೈಯನ್ನು ಹಿಡಿದುಕೊಂಡರು.

“ನಾಡಿದ್ದು ಎಷ್ಟು ಗಂಟೆಗೆ ಬರ್ಬೇಕು, ಕೇಳ್ಕೊಂಡು ಬಾಮ್ಮ.”